ಓಖಿ: ದಡಕ್ಕೆ ಗೊತ್ತಿತ್ತು, ಕಡಲಿಗೆ ಗೊತ್ತಿರಲಿಲ್ಲ

2017ರ ನವೆಂಬರ್ 29, ಬುಧವಾರ. ತಿರುವನಂತಪುರದ ಪೂಂತುರ, ವಿಳಿಂಜಂ ತೀರಗಳಿಂದ ಸಣ್ಣ ದೋಣಿಗಳು ಎಂದಿನಂತೆ ಮಧ್ಯಾಹ್ನದ ಮೇಲೆ ಹೊರಟವು. ಅಲ್ಲಿನವರ ಕ್ರಮವೇ ಹಾಗೆ. ಮಧ್ಯಾಹ್ನ ನೀರಿಗೆ ಇಳಿದು, ರಾತ್ರಿಯೆಲ್ಲ ಬಲೆ ಬಿಟ್ಟು, ಮರುದಿನ ಬೆಳಿಗ್ಗೆ ಮೀನಿನ ಹರಾಜಿನ ಹೊತ್ತಿಗೆ ದಡ ಸೇರುವುದು. ಫೈಬರ್ ದೋಣಿ, ಹಿಂದುಗಡೆ ಒಂದೋ ಎರಡೋ ಎಂಜಿನ್, ಮೂರು ನಾಲ್ಕು ಜನ. ಮೈಮೇಲೆ ಮರೆ ಎನ್ನುವಂಥದ್ದು ಏನೂ ಇಲ್ಲದ ದೋಣಿಗಳು.

ಅದೇ ಹೊತ್ತಿಗೆ ನೂರಾರು ಕಿಲೋಮೀಟರ್ ದೂರದ ಅರಬ್ಬಿ ಸಮುದ್ರದಲ್ಲಿ ಇನ್ನೊಂದು ಗುಂಪು ಇತ್ತು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು, ಚಿನ್ನತುರೈ, ವಳ್ಳವಿಳೈ, ನೀರೋಡಿ ಊರುಗಳವರು. ಆಳಸಮುದ್ರದಲ್ಲಿ ಶಾರ್ಕ್, ಟ್ಯೂನಾ ಹಿಡಿಯುವುದರಲ್ಲಿ ದೇಶದಲ್ಲೇ ಹೆಸರಾದವರು. ಇವರ ಎಷ್ಟೋ ಬೋಟುಗಳು ಕೊಚ್ಚಿಯಿಂದ ಹೊರಡುತ್ತವೆ, ಒಮ್ಮೆ ಹೊರಟರೆ ವಾರಗಟ್ಟಲೆ ದಡದ ಮುಖ ನೋಡುವುದಿಲ್ಲ. ಉದ್ದನೆಯ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಬಿಡುವ ಕಸುಬು ಅದು.

ಈ ಎರಡೂ ಗುಂಪನ್ನು ಓಖಿ ಚಂಡಮಾರುತ ಹೊಡೆಯಿತು. ಕೇರಳ, ತಮಿಳುನಾಡು ಸೇರಿ ಸತ್ತವರು ಮತ್ತು ಕಾಣೆಯಾದವರು ನೂರಾರು ಮಂದಿ. ಆಮೇಲೆ ನಡೆದ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತಿತು. ಎಚ್ಚರಿಕೆ ಕೊಟ್ಟಿದ್ದು 29ಕ್ಕೋ, 30ಕ್ಕೋ? ಆ ಪ್ರಶ್ನೆ ಬೇಡ ಅಂತಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡರೆ ಓಖಿ ಕಲಿಸಬೇಕಾದ ಪಾಠದಲ್ಲಿ ಅರ್ಧ ಕಳೆದುಹೋಗುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಸಣ್ಣ ದೋಣಿಯವರ ವಿಷಯದಲ್ಲಿ ಆದ ತಪ್ಪೇ ಬೇರೆ, ದೊಡ್ಡ ಬೋಟಿನವರ ವಿಷಯದಲ್ಲಿ ಆದ ತಪ್ಪೇ ಬೇರೆ.

ಬಿರುಗಾಳಿ ಬಂದ ದಾರಿ

ಶ್ರೀಲಂಕಾದ ಆಗ್ನೇಯಕ್ಕೆ, ಬಂಗಾಳ ಕೊಲ್ಲಿಯಲ್ಲಿ ಮೊದಲು ಒಂದು ಕಡಿಮೆ ಒತ್ತಡದ ಪ್ರದೇಶ ಇತ್ತು. 29ರ ಬೆಳಿಗ್ಗೆ ಅದು ವಾಯುಭಾರ ಕುಸಿತವಾಯಿತು. ಶ್ರೀಲಂಕಾದ ಮೇಲೆ ಹಾದು, ಅದೇ ರಾತ್ರಿ ಕನ್ಯಾಕುಮಾರಿಯ ದಕ್ಷಿಣದ ಕಡಲಿಗೆ ಬಂತು. 30ರ ನಸುಕಿಗೆ ಇನ್ನಷ್ಟು ಬಲವಾಯಿತು. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಚಂಡಮಾರುತವೇ ಆಗಿಬಿಟ್ಟಿತು. ಆಗ ಅದು ಕನ್ಯಾಕುಮಾರಿಗೆ ಸುಮಾರು 60 ಕಿ.ಮೀ. ದೂರದಲ್ಲಿತ್ತು, ಅಷ್ಟೇ.

ಅಂದರೆ ವಾಯುಭಾರ ಕುಸಿತದಿಂದ ಚಂಡಮಾರುತಕ್ಕೆ ಒಂದೇ ದಿನ. ಸಾಮಾನ್ಯವಾಗಿ ಚಂಡಮಾರುತ ದೂರದ ಕಡಲಲ್ಲಿ ಹುಟ್ಟಿ, ಎರಡು ಮೂರು ದಿನ ನೀರಿನ ಮೇಲೆ ಬೆಳೆದು, ಆಮೇಲೆ ದಡದ ಕಡೆ ಬರುತ್ತದೆ. ಓಖಿ ದಡದ ಮಗ್ಗುಲಲ್ಲೇ ಬೆಳೆಯಿತು. ಆ ಕಡಲಿನಲ್ಲಿ ಇಂಥದ್ದು ಅಪರೂಪ. ಪೂರ್ವ ಕರಾವಳಿಯ ಒಡಿಶಾ, ಆಂಧ್ರದವರಿಗೆ ಚಂಡಮಾರುತ ಅಂದರೆ ಏನು, ಬಂದರೆ ಏನು ಮಾಡಬೇಕು ಅಂತ ಮೈಗೇ ಗೊತ್ತು. ದಕ್ಷಿಣ ಕೇರಳದಲ್ಲಿ ಅಂಥ ನೆನಪು ಯಾರಿಗೂ ಇರಲಿಲ್ಲ. ಅಧಿಕಾರಿಗಳಿಗೂ ಇರಲಿಲ್ಲ.

ಆಮೇಲೆ ಅದು ಪಶ್ಚಿಮ ವಾಯವ್ಯಕ್ಕೆ ಸಾಗಿ ಡಿಸೆಂಬರ್ 1, 2ರಂದು ಲಕ್ಷದ್ವೀಪದ ಮೇಲೆ ಮತ್ತು ಆಚೆಯ ಕಡಲಲ್ಲಿ ಉಗ್ರರೂಪ ತಾಳಿತು. ಗಾಳಿಯ ವೇಗ ಗಂಟೆಗೆ 150 ಕಿ.ಮೀ. ದಾಟಿತು. ಅಲ್ಲಿಂದ ಉತ್ತರಕ್ಕೆ ತಿರುಗಿ, ಬಲ ಕಳೆದುಕೊಳ್ಳುತ್ತಾ ಹೋಗಿ, ಡಿಸೆಂಬರ್ 5-6ರ ಹೊತ್ತಿಗೆ ಗುಜರಾತಿನ ಸೂರತ್ ಬಳಿ ಮುಗಿಯಿತು. ಒಟ್ಟು ಸುಮಾರು 2500 ಕಿ.ಮೀ. ದಾರಿ. ಈ ದಾರಿಯನ್ನು ಗಮನದಲ್ಲಿ ಇಟ್ಟುಕೊಳ್ಳಿ. ಅದು ಕೇರಳದ ದಡಕ್ಕೆ ಅಪ್ಪಳಿಸಲೇ ಇಲ್ಲ, ಪಕ್ಕದಲ್ಲಿ ಹಾದುಹೋಯಿತು.

ಸಣ್ಣ ದೋಣಿಗೆ ಅಪಾಯ ಶುರುವಾಗುವುದು ಎಲ್ಲಿಂದ?

29ರ ಮಧ್ಯಾಹ್ನದ ಹೊತ್ತಿಗೆ ಭಾರತೀಯ ಹವಾಮಾನ ಇಲಾಖೆ ಹೇಳಿತ್ತು: ವಾಯುಭಾರ ಕುಸಿತವಾಗಿದೆ, ಗಾಳಿ ಜೋರಾಗುತ್ತದೆ, ದಕ್ಷಿಣ ಕೇರಳದ ಮೀನುಗಾರರು ಕಡಲಿಗೆ ಹೋಗುವುದು ಬೇಡ. ಚಂಡಮಾರುತ ಎಂದು ಹೆಸರಿಟ್ಟು ಹೇಳಿದ್ದು 30ರ ಮಧ್ಯಾಹ್ನ. ಕೇರಳ ಸರ್ಕಾರ 30ರ ಮಾತನ್ನು ಹಿಡಿಯಿತು, ಕೇಂದ್ರ 29ರ ಮಾತನ್ನು ಹಿಡಿಯಿತು. ಎರಡೂ ಕಡೆಯವರ ಕೈಯಲ್ಲಿ ಕಾಗದ ಇತ್ತು.

ಇಲ್ಲಿ ಸ್ವಲ್ಪ ನಿಂತು, ಇಲಾಖೆಯ ಅಳತೆಗೋಲು ಹೇಗಿದೆ ಅಂತ ನೋಡಬೇಕು. ಗಾಳಿ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ. 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ದಾಟಿದ ಮೇಲೆಯೇ ಚಂಡಮಾರುತ. ಆಗಲೇ ಅದಕ್ಕೊಂದು ಹೆಸರು. ಹೆಸರು ಬಂದ ಮೇಲೆಯೇ ಟಿವಿಯಲ್ಲಿ ಕೆಂಪು ಪಟ್ಟಿ, ಜಿಲ್ಲಾಧಿಕಾರಿಗಳ ಸಭೆ, ಮಂತ್ರಿಗಳ ಹೇಳಿಕೆ ಎಲ್ಲ ಶುರು.

ಈ ಅಳತೆ ದಡದಲ್ಲಿರುವ ಮನೆ, ಮರ, ವಿದ್ಯುತ್ ಕಂಬಕ್ಕೆ ಸರಿಯಾಗಿ ಒಪ್ಪುತ್ತದೆ. ಫೈಬರ್ ದೋಣಿಗೆ ಒಪ್ಪುವುದಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದರ ಜೊತೆಗೆ ಅಲೆ. ದೋಣಿ ಮಗುಚುವುದಕ್ಕೆ ಅಲೆ ಬಹಳ ಎತ್ತರ ಇರಬೇಕು ಅಂತೇನಿಲ್ಲ, ಕಡಿದಾಗಿದ್ದರೆ ಸಾಕು. ಹೊಸದಾಗಿ ಎದ್ದ ಬಿರುಗಾಳಿ ಎಬ್ಬಿಸುವುದು ಅಂಥ ಒತ್ತೊತ್ತಾದ, ಕಡಿದಾದ ಅಲೆಗಳನ್ನೇ. ಮೂರು ಜನ ಕೂತ ದೋಣಿಗೆ 50 ಕಿ.ಮೀ. ಗಾಳಿ ಅಂದರೆ ಆಗಲೇ ಜೀವದ ಪ್ರಶ್ನೆ. ಆ ಹೊತ್ತಿಗೆ ಆಫೀಸಿನಲ್ಲಿ ಅದರ ಹೆಸರು ಇನ್ನೂ 'ಕುಸಿತ'.

ಹೀಗೆ ಪೂಂತುರದ ದೋಣಿಗೆ ಅಪಾಯದ ಗೆರೆ ದಾಟಿದ ಎಷ್ಟೋ ಹೊತ್ತಿನ ಮೇಲೆ ಸರ್ಕಾರಿ ಯಂತ್ರಕ್ಕೆ ಅಪಾಯದ ಗೆರೆ ಬಂತು.

ಇನ್ನೊಂದು ತೊಡಕಿದೆ. ಚಂಡಮಾರುತದ ಎಚ್ಚರಿಕೆ ನಾಲ್ಕು ಹಂತಗಳಲ್ಲಿ ಬರುತ್ತದೆ. 72 ಗಂಟೆ ಮೊದಲು ಒಂದು, 48 ಗಂಟೆ ಮೊದಲು ಒಂದು, 24 ಗಂಟೆ ಮೊದಲು ಒಂದು, 12 ಗಂಟೆ ಮೊದಲು ಕೊನೆಯದು. ಈ ಗಂಟೆಗಳೆಲ್ಲ ದಡದಲ್ಲಿ ಕೆಟ್ಟ ಹವೆ ಶುರುವಾಗುವುದು, ಬಿರುಗಾಳಿ ದಡ ದಾಟುವುದು, ಇವುಗಳ ಲೆಕ್ಕದಲ್ಲಿವೆ. ಜನರನ್ನು ಶಾಲೆಗೋ, ಆಶ್ರಯ ಕಟ್ಟಡಕ್ಕೋ ಸಾಗಿಸಲು ಇದು ಒಳ್ಳೆಯ ಕ್ರಮ. 2013ರಲ್ಲಿ ಫೈಲಿನ್ ಬಂದಾಗ ಒಡಿಶಾ ಲಕ್ಷಗಟ್ಟಲೆ ಜನರನ್ನು ಸಾಗಿಸಿ ಉಳಿಸಿಕೊಂಡಿದ್ದು ಇಂಥ ವ್ಯವಸ್ಥೆಯಿಂದಲೇ. ಆದರೆ ಒಂದೇ ದಿನದಲ್ಲಿ ಹುಟ್ಟಿ ಬೆಳೆದ, ದಡವನ್ನೇ ದಾಟದ ಬಿರುಗಾಳಿಗೆ 72 ಗಂಟೆಯ ಹಂತವನ್ನು ಎಲ್ಲಿಂದ ತರುವುದು?

ಹಾಗಾದರೆ 29ರ ಮಧ್ಯಾಹ್ನದ ಆ ಸಂದೇಶ ಏಕೆ ಕೆಲಸ ಮಾಡಲಿಲ್ಲ? ಅದು ಇಲಾಖೆಯಿಂದ ರಾಜ್ಯದ ಕಂಟ್ರೋಲ್ ರೂಮಿಗೆ, ಅಲ್ಲಿಂದ ಜಿಲ್ಲೆಗೆ, ಮೀನುಗಾರಿಕೆ ಇಲಾಖೆಗೆ, ಕೊನೆಗೆ ಊರಿನ ಇಗರ್ಜಿಗೆ, ಅಂದರೆ ಚರ್ಚಿಗೆ ತಲುಪಬೇಕು. ಆ ಊರುಗಳಲ್ಲಿ ಇಗರ್ಜಿಯ ಮೈಕೇ ಎಲ್ಲರ ಕಿವಿ. ಇಷ್ಟು ಕೈ ದಾಟುವಷ್ಟರಲ್ಲಿ ದೋಣಿಗಳು ನೀರಿಗೆ ಇಳಿದಾಗಿತ್ತು. ದೋಣಿ ಇಳಿಯುವ ಹೊತ್ತು ಯಾವುದು ಅಂತ ಊರಿನ ಮಕ್ಕಳಿಗೂ ಗೊತ್ತು. ಎಚ್ಚರಿಕೆ ಹೊರಡಿಸುವ ವೇಳಾಪಟ್ಟಿಗೆ ಅದು ಗೊತ್ತಿರಲಿಲ್ಲ.

ಸಂದೇಶ ಸಿಕ್ಕಿದವರ ಮಟ್ಟಿಗೂ ಒಂದು ಕಷ್ಟ ಇತ್ತು. 'ಗಂಟೆಗೆ 45ರಿಂದ 55 ಕಿ.ಮೀ. ಗಾಳಿ, ಮೀನುಗಾರರು ಎಚ್ಚರ ವಹಿಸಬೇಕು' ಎಂಬ ಧಾಟಿಯ ಸೂಚನೆ ಕರಾವಳಿಯಲ್ಲಿ ವರ್ಷಕ್ಕೆ ಎಷ್ಟೋ ಸಲ ಬರುತ್ತದೆ. ಬಹಳಷ್ಟು ಸಲ ಏನೂ ಆಗುವುದಿಲ್ಲ. ಇಂದಿನ ಸೂಚನೆಗೂ ಕಳೆದ ತಿಂಗಳ ಸೂಚನೆಗೂ ಓದುವವನ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ, ಕಳೆದ ತಿಂಗಳು ಮಾಡಿದ್ದನ್ನೇ ಇವತ್ತೂ ಮಾಡುತ್ತಾನೆ. ಅವನನ್ನು ಮೊಂಡ ಅನ್ನುವುದು ಸುಲಭ. ನಾನು ಅನ್ನಲಾರೆ. 'ಇದು ಎಂದಿನ ಗಾಳಿಯಲ್ಲ, ನಾಳೆ ಬೆಳಿಗ್ಗೆಯೊಳಗೆ ಚಂಡಮಾರುತ ಆಗಬಹುದು, ಇವತ್ತು ರಾತ್ರಿ ಕಡಲಲ್ಲಿ ಇರಬೇಡಿ' ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಆಗಬಹುದು, ಆಗದೆಯೂ ಇರಬಹುದು ಎನ್ನುವುದನ್ನು ಜನರಿಗೆ ಬಿಡಿಸಿ ಹೇಳಲು ವಿಜ್ಞಾನ ಹೇಳುವವರು ಹಿಂಜರಿಯುತ್ತಾರೆ. ಖಾತ್ರಿಯಾದ ಮೇಲೆ ಹೇಳೋಣ ಅಂತ ಕಾಯುತ್ತಾರೆ. ಕಡಲಿನವರು ದಿನಾ ಅಂದಾಜಿನ ಮೇಲೆಯೇ ಬದುಕುವವರು, ಅವರಿಗೆ 'ಬಹುದು' ಅಂದರೆ ಚೆನ್ನಾಗಿ ಅರ್ಥವಾಗುತ್ತದೆ.

ಎರಡು ದಿನ ಸಮಯ ಇತ್ತು

ಈಗ ತೂತ್ತೂರಿನವರ ಬೋಟುಗಳ ಕಡೆ ಬರೋಣ. ನನ್ನ ಪ್ರಕಾರ ಓಖಿಯ ಅತ್ಯಂತ ನೋವಿನ ಭಾಗ ಇದು. ಚರ್ಚೆಯಾಗಿದ್ದು ಮಾತ್ರ ಕಡಿಮೆ.

30ರ ಮಧ್ಯಾಹ್ನದ ಹೊತ್ತಿಗೆ ಓಖಿ ಏನು, ಎಲ್ಲಿದೆ, ಯಾವ ಕಡೆ ಹೋಗುತ್ತದೆ ಎಲ್ಲ ಗೊತ್ತಾಗಿತ್ತು. ಹೆಸರಿಟ್ಟಾಗಿತ್ತು. ದಾರಿಯ ನಕ್ಷೆ ಟಿವಿಯಲ್ಲಿ ಬರುತ್ತಿತ್ತು. ಲಕ್ಷದ್ವೀಪದ ಕಡೆ ಹೋಗುತ್ತದೆ, ಇನ್ನೂ ಬಲವಾಗುತ್ತದೆ ಅಂತ ಇಲಾಖೆ ಹೇಳುತ್ತಲೇ ಇತ್ತು, ಹಾಗೆಯೇ ಆಯಿತು. ಅಂದರೆ ಡಿಸೆಂಬರ್ 1, 2ರಂದು ಆ ದಾರಿಯಲ್ಲಿದ್ದ ಬೋಟುಗಳ ಮಟ್ಟಿಗೆ ಮುನ್ಸೂಚನೆ ಸರಿಯಾಗಿಯೇ ಇತ್ತು, ಸಮಯವೂ ಇತ್ತು. ಒಂದು ದಿನದಿಂದ ಎರಡು ದಿನದವರೆಗೆ.

ಒಂದು ಸಾದಾ ಲೆಕ್ಕ ಹಾಕೋಣ. ಅಂಥ ಬೋಟು ಗಂಟೆಗೆ 12-15 ಕಿ.ಮೀ. ಓಡಿದರೂ 24 ಗಂಟೆಯಲ್ಲಿ ಸುಮಾರು 300 ಕಿ.ಮೀ. ದೂರ ಹೋಗಬಹುದು. ಬಿರುಗಾಳಿಯ ನಟ್ಟನಡುವಿನ ಭೀಕರ ವಲಯದಿಂದ ಆಚೆ ಹೋಗಲು ಅಷ್ಟು ಸಾಕಾಗುತ್ತಿತ್ತು. ಆದರೆ ಒಂದು ಷರತ್ತು ಇದೆ. ಯಾವ ದಿಕ್ಕಿಗೆ ಓಡಬೇಕು ಅಂತ ಗೊತ್ತಿರಬೇಕು. ನಮ್ಮ ಗೋಳಾರ್ಧದಲ್ಲಿ ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಅದರ ಬಲಗಡೆಯೇ ಜಾಸ್ತಿ ಅಪಾಯ. ಗಾಳಿ ಸುತ್ತುವ ವೇಗಕ್ಕೆ ಬಿರುಗಾಳಿ ಸಾಗುವ ವೇಗವೂ ಅಲ್ಲಿ ಸೇರಿಕೊಳ್ಳುತ್ತದೆ. ಓಖಿ ಪಶ್ಚಿಮ ವಾಯವ್ಯಕ್ಕೆ ಹೋಗುತ್ತಿದ್ದಾಗ ಅದರ ಬಲಗಡೆ ಅಂದರೆ ಉತ್ತರ ಮಗ್ಗುಲು, ಕೇರಳದ ಕಡೆಯದು. ಊರಿನ ಕಡೆ ಓಡೋಣ ಅಂತ ಬೋಟು ತಿರುಗಿಸಿದವರು ಆ ಮಗ್ಗುಲಿಗೇ ಸಿಕ್ಕಿಬೀಳಬಹುದಿತ್ತು. ಹಾಗಾಗಿ 'ವಾಪಸ್ ಬನ್ನಿ' ಎಂಬ ಒಂದು ಮಾತು ಆಳಸಮುದ್ರದವರಿಗೆ ಸಾಲದು. ಇಂಥ ಜಾಗದಲ್ಲಿ ಇರುವವರು ಇಂಥ ಕಡೆ ಹೋಗಿ, ಇಷ್ಟು ಗಂಟೆಯೊಳಗೆ ಹೋಗಿ ಎಂದು ಹೇಳಬೇಕು.

ಹೇಳುವುದು ಹೇಗೆ? ಮೊಬೈಲ್ ಸಿಗ್ನಲ್ ದಡದಿಂದ ಹತ್ತು ಹದಿನೈದು ಕಿ.ಮೀ. ಆಚೆ ಸಿಗುವುದಿಲ್ಲ. ಬೋಟಿನ ವಯರ್‌ಲೆಸ್ ನೇರ ದೃಷ್ಟಿಯ ದೂರಕ್ಕಷ್ಟೇ ಕೇಳಿಸುತ್ತದೆ, ಅದೂ ಕೆಲವು ಹತ್ತು ಕಿಲೋಮೀಟರ್. ಬೋಟಿನಿಂದ ಬೋಟಿಗೆ ಸುದ್ದಿ ದಾಟಿಸುತ್ತಾ ಹೋಗಬಹುದು. ಮೀನುಗಾರರು ಅದನ್ನು ಮಾಡುತ್ತಲೂ ಇರುತ್ತಾರೆ. ನಡುವೆ ಒಂದು ಕೊಂಡಿ ತಪ್ಪಿದರೆ ಆಚೆಯವರು ಕಿವುಡರಾದಂತೆಯೇ. ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದಕ್ಕೆ ಖರ್ಚೂ ಜಾಸ್ತಿ, ಕಾನೂನಿನ ಕಟ್ಟೂ ಜಾಸ್ತಿ. ಹೀಗಾಗಿ ಚಂಡಮಾರುತದ ಬಗ್ಗೆ ಮಂಗಳೂರಿನ ಅಂಗಡಿಯಲ್ಲಿ ಕೂತವನಿಗೆ ಗೊತ್ತಿತ್ತು, ದೆಹಲಿಯಲ್ಲಿ ಟಿವಿ ನೋಡುತ್ತಿದ್ದವನಿಗೆ ಗೊತ್ತಿತ್ತು. ಅದರ ದಾರಿಯಲ್ಲೇ ಇದ್ದವನಿಗೆ ಗೊತ್ತಿರಲಿಲ್ಲ.

ಗಾಳಿಯ ದಿಕ್ಕು, ಮೋಡ, ನೀರಿನ ಸೆಳೆತ ನೋಡಿ ಬದುಕಿದವರೂ ಇದ್ದಾರೆ. ಡಿಸೆಂಬರ್ 2ರಂದು ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಒಂದು ಸುದ್ದಿ ಕೊಟ್ಟರು. 68 ಬೋಟುಗಳು, 952 ಮೀನುಗಾರರು ಸಿಂಧುದುರ್ಗದ ತೀರಕ್ಕೆ ಸುರಕ್ಷಿತವಾಗಿ ಬಂದು ಸೇರಿದ್ದರು. ಅದರಲ್ಲಿ 66 ಬೋಟು ಕೇರಳದವು, 2 ತಮಿಳುನಾಡಿನವು. ದೇವಗಢ ಬಂದರಿನಲ್ಲಿ ಅಷ್ಟೊಂದು ಹೊರಗಿನ ಬೋಟುಗಳು ಒಟ್ಟಿಗೆ ನಿಂತಿದ್ದವು. ದಕ್ಷಿಣದ ತುದಿಯಲ್ಲಿ ಅವರ ಮನೆಯವರು ಶವ ಗುರುತಿಸಲು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಕಡಲಿನಿಂದ ದಡಕ್ಕೂ ಸುದ್ದಿ ಬರುವ ದಾರಿ ಇರಲಿಲ್ಲ ನೋಡಿ. ಯಾರು ಎಲ್ಲಿದ್ದಾರೆ, ಎಷ್ಟು ಜನ ಕಡಲಿಗೆ ಹೋಗಿದ್ದಾರೆ ಎಂಬ ಪಟ್ಟಿಯೇ ಯಾರ ಹತ್ತಿರವೂ ಪೂರ್ತಿಯಾಗಿ ಇರಲಿಲ್ಲ. ಕಾಣೆಯಾದವರ ಸಂಖ್ಯೆ ವಾರಗಟ್ಟಲೆ ಹಿಗ್ಗುತ್ತಾ ಕುಗ್ಗುತ್ತಾ ಇದ್ದುದಕ್ಕೆ ಇದೇ ಕಾರಣ. ಹುಡುಕಲು ಹೊರಟ ನೌಕಾಪಡೆ, ಕರಾವಳಿ ಕಾವಲು ಪಡೆಗೂ ಎಲ್ಲಿ ಹುಡುಕಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಮಗುಚಿದ ದೋಣಿಯ ಬೆನ್ನು ಹಿಡಿದುಕೊಂಡು ದಿನಗಟ್ಟಲೆ ತೇಲಿ ಬದುಕಿದವರನ್ನು ಮೇಲೆತ್ತಿದಾಗ, ಇನ್ನೂ ಎಷ್ಟು ಜನ ಹೀಗೆ ತೇಲುತ್ತಿರಬಹುದು ಎಂಬ ಸಂಕಟ ಊರೂರಿಗೆ ಹಬ್ಬಿತು. ಅಲ್ಲಿನ ಮೀನುಗಾರರು ತಮ್ಮದೇ ದೋಣಿ ಹತ್ತಿ ಹುಡುಕಲು ಹೊರಟರು. ಬೇರೆ ಏನು ಮಾಡಿಯಾರು?

ಡಿಸೆಂಬರ್ 3ರಂದು ವಿಳಿಂಜಂಗೆ ಬಂದ ಕೇರಳದ ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರನ್ನು ಜನ ಮುತ್ತಿಗೆ ಹಾಕಿದರು. ಅವರು ಬೇರೆ ಕಾರಿನಲ್ಲಿ ಹೊರಟುಹೋಗಬೇಕಾಯಿತು. ಆಗಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಬಂದಾಗಲೂ ಜನ ಕೂಗಾಡಿದರು, ಅವರು ಕೈಮುಗಿದು ಸಮಾಧಾನ ಹೇಳಿದರು. ಆ ಸಿಟ್ಟು ಬರೀ ತಡವಾದ ಎಚ್ಚರಿಕೆಯ ಮೇಲಿನದಲ್ಲ. ಐದನೇ ದಿನಕ್ಕೂ ಯಾರೂ ಬಂದು ನೇರವಾಗಿ 'ನಮಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ' ಎಂದು ಹೇಳಲಿಲ್ಲವಲ್ಲ ಎಂಬ ಸಿಟ್ಟೂ ಅದರಲ್ಲಿತ್ತು.

ಆಮೇಲೆ ಬಂದ ಡಬ್ಬಿಗಳು

ಓಖಿಯ ಬಳಿಕ ಕೆಲಸ ಆಗಲಿಲ್ಲ ಅನ್ನುವುದು ಸುಳ್ಳು. ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2018ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟಿತು. ಹೈದರಾಬಾದಿನಲ್ಲಿ ಇಂಕಾಯ್ಸ್ ಎಂಬ ಸಂಸ್ಥೆ ಇದೆ, ಸಾಗರದ ಮಾಹಿತಿ ಕೊಡುವ ರಾಷ್ಟ್ರೀಯ ಕೇಂದ್ರ. ಅದು 2019ರ ಅಕ್ಟೋಬರ್‌ನಲ್ಲಿ ಜೆಮಿನಿ ಎಂಬ ಸಣ್ಣ ಡಬ್ಬಿ ತಂದಿತು. ಕೆಲಸ ಮಾಡುವ ಬಗೆ ಹೀಗೆ: ವಿಮಾನಗಳಿಗೆ ದಾರಿ ತೋರಿಸಲು ಇಸ್ರೋ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ಎಂಬ ವ್ಯವಸ್ಥೆ ಮೊದಲೇ ಇತ್ತು. ಅದರ ನೆಲದ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಆ ಉಪಗ್ರಹಗಳ ಮೂಲಕವೇ ಎಚ್ಚರಿಕೆ, ಅಲೆ, ಗಾಳಿ, ಮೀನು ಸಿಗುವ ಜಾಗದ ಮಾಹಿತಿಯನ್ನೂ ಕಳಿಸಿದರು. ಡಬ್ಬಿ ಅದನ್ನು ಹಿಡಿದು ಬ್ಲೂಟೂತ್ ಮೂಲಕ ಮೊಬೈಲಿಗೆ ಕೊಡುತ್ತದೆ. ಮೊಬೈಲಿನ ಆ್ಯಪ್ ಪ್ರಾದೇಶಿಕ ಭಾಷೆಯಲ್ಲಿ ತೋರಿಸುತ್ತದೆ. ಟವರ್ ಬೇಕಾಗಿಲ್ಲ. ಡಬ್ಬಿ ತಯಾರಾಗಿದ್ದೂ ಬೆಂಗಳೂರಿನಲ್ಲೇ.

ತೂತ್ತೂರಿನವರ ಬೋಟಿಗೆ ಬೇಕಾಗಿದ್ದು ಇದೇ. ಕೊರತೆ ಎರಡು. 2019ರಲ್ಲಿ ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು ಇತ್ತು, ಸಬ್ಸಿಡಿ ಇಲ್ಲದೆ ಸಣ್ಣ ದೋಣಿಯವನು ಕೊಳ್ಳುವುದಿಲ್ಲ. ಎರಡನೆಯದು, ಅದು ಕೇಳಿಸುತ್ತದೆ ಅಷ್ಟೇ, ಮಾತಾಡುವುದಿಲ್ಲ. 'ಎಂಜಿನ್ ಕೆಟ್ಟಿದೆ, ಇಲ್ಲಿದ್ದೇನೆ' ಅಂತ ದಡಕ್ಕೆ ಹೇಳಲು ಆಗದು. ಆ ಕೊರತೆ ತುಂಬಲು ಇಸ್ರೋದ ಟ್ರಾನ್ಸ್‌ಪಾಂಡರ್ ಬಂತು. ಒಂದು ಲಕ್ಷ ಬೋಟುಗಳಿಗೆ ಅದನ್ನು ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಕೊಟ್ಟರು. ಇದರಲ್ಲಿ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇಂಕಾಯ್ಸ್‌ನ ಇನ್ನೊಂದು ಸೇವೆ. ಸಣ್ಣ ದೋಣಿಗಳಿಗೆಂದೇ ಮಾಡಿದ ಮುನ್ಸೂಚನೆ ಅದು. 7 ಮೀಟರ್‌ವರೆಗೆ ಅಗಲ ಇರುವ ದೋಣಿಗಳನ್ನು ತೆಗೆದುಕೊಂಡು, ಅಲೆಯ ಎತ್ತರ, ಅಲೆ ಎಷ್ಟು ಕಡಿದಾಗಿದೆ, ಅಲೆ ಎಷ್ಟು ದಿಕ್ಕಿನಿಂದ ಬರುತ್ತದೆ, ಗಾಳಿ ಎಷ್ಟು ಬೇಗ ಏರುತ್ತದೆ ಎಲ್ಲ ಸೇರಿಸಿ, ಈ ದಿನ ಈ ಜಾಗದಲ್ಲಿ ಇಷ್ಟು ಅಗಲದ ದೋಣಿ ಮಗುಚುವ ಅಪಾಯ ಇದೆಯೇ ಎಂದು ಹತ್ತು ದಿನ ಮುಂಚಿತವಾಗಿ ಅಂದಾಜು ಮಾಡುತ್ತದೆ. ಗಾಳಿಗೆ ಏನು ಹೆಸರು ಅಂತ ಕೇಳುವುದನ್ನು ಬಿಟ್ಟು, ನಿನ್ನ ದೋಣಿ ಯಾವುದು ಅಂತ ಕೇಳುವ ಮುನ್ಸೂಚನೆ ಇದು. ಓಖಿಯ ಮೊದಲ ತಪ್ಪಿಗೆ ಸರಿಯಾದ ಉತ್ತರ ಇದೇ. ಇಂಥದ್ದು ಇದೆ ಅಂತ ಹೆಚ್ಚಿನ ಮೀನುಗಾರರಿಗೆ ಗೊತ್ತಾಗುವಂತೆ ಯಾರೂ ಇನ್ನೂ ಹೇಳಿಲ್ಲ ಎನ್ನುವುದು ನನ್ನ ದುಃಖ.

ಎಚ್ಚರಿಕೆ ಜಾಸ್ತಿಯಾದಾಗ

ಓಖಿಯ ಪೆಟ್ಟಿನಿಂದ ಅಧಿಕಾರಿಗಳು ಇನ್ನೊಂದು ತುದಿಗೆ ಹೋದರು. ಸ್ವಲ್ಪ ಅನುಮಾನ ಬಂದರೂ ಸಾಕು, ಇಡೀ ಕರಾವಳಿಗೆ ನಾಲ್ಕೈದು ದಿನ 'ಕಡಲಿಗೆ ಇಳಿಯಬೇಡಿ'. ಅವರ ಭಯ ಅರ್ಥವಾಗುತ್ತದೆ. ಆದರೆ ಕೇರಳದ ಕರಾವಳಿ ಸುಮಾರು 590 ಕಿ.ಮೀ. ಉದ್ದ. ಕಾಸರಗೋಡಿನಲ್ಲಿ ಗಾಳಿ ಇದ್ದರೆ ವಿಳಿಂಜಂನಲ್ಲಿ ಕಡಲು ಕೊಳದ ಹಾಗೆ ಇರಬಹುದು. ದಡದಲ್ಲಿ ಕೂತು ಆ ಕಡಲನ್ನೇ ನೋಡುತ್ತಾ ನಾಲ್ಕು ದಿನದ ಕೂಲಿ ಕಳೆದುಕೊಂಡವನಿಗೆ ಐದನೇ ಸಲದ ಎಚ್ಚರಿಕೆಯ ಮೇಲೆ ನಂಬಿಕೆ ಹೇಗೆ ಉಳಿಯಬೇಕು? ತಪ್ಪು ಎಚ್ಚರಿಕೆಯ ಖರ್ಚನ್ನು ಕೊಡುವವನು ಮೀನುಗಾರ. ಎಚ್ಚರಿಕೆ ಕೊಟ್ಟವರ ಸಂಬಳದಲ್ಲಿ ಏನೂ ಕಡಿತವಾಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡಬೇಕು.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕೇರಳದ ಸಂಸ್ಥೆಗಳ ಜೊತೆ ಸೇರಿ ತಿರುವನಂತಪುರದ ತೀರದಲ್ಲಿ ಮೀನುಗಾರರೊಂದಿಗೇ ಕೂತು ಈ ಕೆಲಸ ಮಾಡಿದರು. ರೇಡಿಯೊ ಮಾನ್ಸೂನ್ ಎಂಬ ಹೆಸರಿನಲ್ಲಿ ಮಲಯಾಳದಲ್ಲಿ ಕಡಲಿನ ಹವಾಮಾನ ಓದಿ, ಫೋನಿನಲ್ಲೂ ಊರಿನ ಲೌಡ್‌ಸ್ಪೀಕರಿನಲ್ಲೂ ಕೇಳಿಸಿದರು. ಅಲ್ಲಿ ಮೀನುಗಾರರು ಕೇಳಿದ್ದು ಏನು ಗೊತ್ತೇ? ಇಡೀ ಕರಾವಳಿಯದ್ದು ಬೇಡ, ನಮ್ಮ ಕಡಲಿನ ತುಂಡಿಗೆ ಹೇಳಿ. ಇಡೀ ದಿನದ್ದು ಬೇಡ, ಯಾವ ಹೊತ್ತಿಗೆ ಗಾಳಿ ಏರುತ್ತದೆ ಹೇಳಿ. ತಾಪಮಾನ, ತೇವಾಂಶ ಬಿಡಿ, ಗಾಳಿ ಮತ್ತು ಅಲೆ ಹೇಳಿ. ಇದರಲ್ಲಿ ಯಾವುದೂ ದುಬಾರಿ ಬೇಡಿಕೆ ಅಲ್ಲ.

ನಮ್ಮ ಕಡಲು

ಓಖಿಯ ಅಲೆ ಉಳ್ಳಾಲ, ಸೋಮೇಶ್ವರದವರೆಗೂ ಬಂದಿತ್ತು. ನಮ್ಮಲ್ಲಿ ಜೀವ ಹೋಗುವಂಥ ಅನಾಹುತ ಆಗಲಿಲ್ಲ ಎಂಬ ಕಾರಣಕ್ಕೆ ನಾವು ಅದನ್ನು ಕೇರಳದ ಕಥೆ ಅಂತ ಇಟ್ಟುಬಿಟ್ಟೆವು. ಆದರೆ ಅರಬ್ಬಿ ಸಮುದ್ರ ಬದಲಾಗಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಜೊತೆಗಾರರು 2021ರಲ್ಲಿ ಒಂದು ಅಧ್ಯಯನ ಹೊರತಂದರು. 1982ರಿಂದ 2019ರವರೆಗಿನ ದಾಖಲೆ ನೋಡಿದರೆ, ಇತ್ತೀಚಿನ ಎರಡು ದಶಕಗಳಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು 52% ಹೆಚ್ಚಾಗಿವೆ, ಅತಿ ತೀವ್ರವಾದವು 150% ಹೆಚ್ಚಾಗಿವೆ. ನೀರು ಬಿಸಿಯಾಗುತ್ತಿರುವುದಕ್ಕೂ ಇದಕ್ಕೂ ನೇರ ನಂಟಿದೆ. 2019ರಲ್ಲಂತೂ ಒಂದೇ ವರ್ಷ ಐದು ಬಂದವು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಮತ್ತು ಮಹಾ ಎರಡೂ ಒಟ್ಟಿಗೆ ಇದ್ದವು. ಕ್ಯಾರ್ ಬಂದಾಗ ಊರೂರಿನ ಬೋಟುಗಳು ಬಂದು ಆಸರೆ ಪಡೆದಿದ್ದು ಕಾರವಾರದಲ್ಲಿ. 2021ರ ಮೇ ತಿಂಗಳ ತೌಕ್ತೆ ನಮ್ಮ ಮೂರೂ ಜಿಲ್ಲೆಗಳ ದಡ ಕೊರೆದು ಹೋಯಿತು. ಬಿಸಿ ನೀರಿನ ಮೇಲೆ ಬಿರುಗಾಳಿ ಬೇಗ ಬೇಗ ಬಲಿಯುತ್ತದೆ. ಓಖಿಯ ಹಾಗೆ ಒಂದೇ ದಿನದಲ್ಲಿ ಎದ್ದು ನಿಲ್ಲುವಂಥವು ಇನ್ನು ಅಪರೂಪ ಅಂತ ಹೇಳಲಾಗದು.

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಂದೇ ಸಲ ಕಿರುಚಿದ್ದು ನೆನಪಿದೆ ಅಲ್ವಾ? ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಒಳ್ಳೆಯ ವ್ಯವಸ್ಥೆ. ಆದರೆ ಟವರ್ ಇರುವ ಕಡೆ ಮಾತ್ರ. ಮಲ್ಪೆ, ಮಂಗಳೂರಿನಿಂದ ಹೊರಟ ಆಳಸಮುದ್ರದ ಬೋಟು ಹತ್ತು ಹನ್ನೆರಡು ದಿನ ಅದರ ಆಚೆಯೇ ಇರುತ್ತದೆ.

ಇನ್ನೊಂದು ವಿಷಯ ನಮ್ಮವರು ಅಷ್ಟಾಗಿ ಯೋಚಿಸಿಲ್ಲ. ಇವತ್ತು ಮಲ್ಪೆಯ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವನು, ಕರಾವಳಿಯವನೇ ಆಗಿರಬಹುದು. ಜೊತೆಗಿರುವ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಒಡಿಶಾ, ಆಂಧ್ರ, ಜಾರ್ಖಂಡ್, ತಮಿಳುನಾಡಿನವರು. ಬಂದರಿನಲ್ಲಿ ಅಂಟಿಸಿದ ಕನ್ನಡದ ನೋಟಿಸು ಅವರಿಗೆ ಓದಲು ಬಾರದು. ಜಾರ್ಖಂಡಿನಿಂದ ಬಂದ ಹುಡುಗ ಕಡಲು ನೋಡಿದ್ದೇ ಇತ್ತೀಚೆಗೆ. ಅಲೆ ಏಳುವ ಮೊದಲಿನ ಲಕ್ಷಣ ಅವನಿಗೆ ಗೊತ್ತಿರುವುದಿಲ್ಲ. ಲೈಫ್ ಜಾಕೆಟ್ ಯಾವಾಗ ಹಾಕಿಕೊಳ್ಳಬೇಕು ಅಂತ ಅವನ ಭಾಷೆಯಲ್ಲಿ ಯಾರಾದರೂ ಹೇಳಬೇಕು. ಚಿತ್ರ ಬಿಡಿಸಿ ತೋರಿಸಿದರೂ ಆದೀತು.

ರೈತರ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ. ಬೆಂಗಳೂರಿನಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ವರುಣಮಿತ್ರ ಎಂಬ ಸಹಾಯವಾಣಿ ನಡೆಸುತ್ತಿದೆ. ರೈತ ಫೋನ್ ಮಾಡಿ, ನಾಳೆ ಔಷಧಿ ಹೊಡೆಯಬೇಕು, ನಮ್ಮ ಕಡೆ ಮಳೆ ಇದೆಯಾ ಅಂತ ಕೇಳುತ್ತಾನೆ. ಅವನ ಊರಿನ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಪ್ರಶ್ನೆ ಕೇಳುವವನದು, ಉತ್ತರ ಅವನ ಹೊಲದ್ದು. ಕಡಲಿನವರಿಗೂ ಇಂಥದ್ದೇ ಒಂದು ನಂಬರ್ ಬೇಕು. ಮಲ್ಪೆಯಿಂದಲೋ ಕಾರವಾರದಿಂದಲೋ ಒಬ್ಬ ತಂಡೇಲ ಹೊರಡುವ ಮೊದಲು ಫೋನ್ ಮಾಡಿ, ಇಂಥ ಬೋಟು, ಇಷ್ಟು ಮಾರು ಆಳದ ನೀರಿಗೆ ಹೋಗುತ್ತೇವೆ, ಇಷ್ಟು ದಿನ ಇರುತ್ತೇವೆ, ಹೇಗಿದೆ ಅಂತ ಕೇಳಬೇಕು. ಇಂಕಾಯ್ಸ್‌ನ ಸಣ್ಣ ದೋಣಿಗಳ ಮುನ್ಸೂಚನೆ ಮುಂದಿಟ್ಟುಕೊಂಡು ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ಉತ್ತರ ಕೊಡುವವರು ಆ ಕಡೆ ಕೂತಿರಬೇಕು. ಕೇಳಿದವನ ಬೋಟು, ಜನ, ಹೋಗುವ ದಿಕ್ಕು ಆಗಲೇ ಬರೆದಿಟ್ಟುಕೊಂಡರೆ, ಬಿರುಗಾಳಿ ಎದ್ದ ದಿನ ಕಡಲಲ್ಲಿ ಯಾರ್ಯಾರು ಇದ್ದಾರೆ ಎಂಬ ಪಟ್ಟಿಯೂ ಅಲ್ಲೇ ಸಿದ್ಧವಾಗಿರುತ್ತದೆ. ಇದಕ್ಕೆ ಹೊಸ ಉಪಗ್ರಹ ಬೇಕಾಗಿಲ್ಲ. ಮೂರು ಜಿಲ್ಲೆಗಳಿಗೆ ಸೇರಿ ಒಂದು ಕೋಣೆ, ಪಾಳಿಯಲ್ಲಿ ಕೆಲಸ ಮಾಡುವ ಕೆಲವು ಜನ, ಅವರಲ್ಲಿ ಒಂದಿಬ್ಬರು ಕಡಲಿಗೆ ಹೋಗಿ ಬಂದ ಅನುಭವ ಇರುವವರು. ಮಳೆಗಾಲದ ಎರಡು ತಿಂಗಳು ಬೋಟುಗಳು ದಕ್ಕೆಯಲ್ಲೇ ಕಟ್ಟಿಕೊಂಡಿರುತ್ತವೆ. ಜೂನ್, ಜುಲೈಯಲ್ಲಿ ಕೂತು ಇದನ್ನು ಕಟ್ಟಿದರೆ ಆಗಸ್ಟ್ ಒಂದಕ್ಕೆ ಶುರು ಮಾಡಬಹುದು.